ಕಾಣದಿರುವುದು ಮತ್ತು ಇಲ್ಲದಿರುವುದು

ವೈರಸ್ ತಾನಾಗಿ ಬೆಳೆಯುವುದಿಲ್ಲ, ಅದಕ್ಕೆ ಜೀವಂತ ಕೋಶ ಬೇಕು. ಹಾಗಾಗಿ ವೈರಸ್ ಲಸಿಕೆ ಮಾಡುವವರು ಮೊದಲು ಸಾಕಬೇಕಾದದ್ದು ಕೋಶಗಳನ್ನು. ಮಲೆನಾಡಿನ ಮಂಗನ ಕಾಯಿಲೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಲಸಿಕೆಗೆ ಕೋಳಿ ಭ್ರೂಣದ ಕೋಶಗಳು ಒದಗುತ್ತಿದ್ದವು. ಅವನ್ನು ಪ್ರತಿ ಸಲ ಹೊಸ ಮೊಟ್ಟೆಯಿಂದ ತೆಗೆಯಬೇಕು, ಪ್ರತಿ ಸಲ ಹೊಸದಾಗಿ ಪರೀಕ್ಷಿಸಬೇಕು. ಸೆಲ್ ಲೈನ್‌ಗೆ ಈ ಪಾಡಿಲ್ಲ. ಅದು ಒಂದೇ ಮೂಲದಿಂದ ಹೊರಟು ಒಡೆಯುತ್ತ ಬೆಳೆಯುತ್ತಲೇ ಇರುವ ಸಂತತಿ. ಇವುಗಳಲ್ಲಿ ಲಸಿಕೆಗೆ ಹೆಚ್ಚು ಬಳಕೆಯಾಗುವ ವೀರೋ, 1962ರ ಮಾರ್ಚ್ 27ರಂದು ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ ಹುಟ್ಟಿದ್ದು. ಹೈದರಾಬಾದಿನ ಲಸಿಕೆ ಉದ್ಯಮಕ್ಕೆ ಈ ಕೋತಿಯ ಋಣ ದೊಡ್ಡದು. ಗಚ್ಚಿಬೌಲಿಯ ಇಂಡಿಯನ್ ಇಮ್ಯುನಲಾಜಿಕಲ್ಸ್‌ನ ರೇಬೀಸ್ ಲಸಿಕೆ ಅಭಯ್‌ರ್ಯಾಬ್, ನಗರದ ಉತ್ತರಕ್ಕಿರುವ ಜೀನೋಮ್ ವ್ಯಾಲಿಯ ಭಾರತ್ ಬಯೋಟೆಕ್‌ನ ರೋಟಾವ್ಯಾಕ್ ಮತ್ತು ಕೋವ್ಯಾಕ್ಸಿನ್, ಬಯಲಾಜಿಕಲ್ ಇ ಕಂಪನಿಯ ಮಿದುಳು ಜ್ವರದ ಲಸಿಕೆ ಎಲ್ಲವೂ ವೀರೋ ಕೋಶಗಳಲ್ಲೇ ಬೆಳೆದವು.

ಕೋಶಗಳನ್ನು ಪುಟ್ಟ ಸೀಸೆಗಳಿಗೆ ತುಂಬಿ ದ್ರವ ಸಾರಜನಕದಲ್ಲಿಡುತ್ತಾರೆ. ಈ ಸಂಗ್ರಹವೇ ಮಾಸ್ಟರ್ ಸೆಲ್ ಬ್ಯಾಂಕ್. ಪರೀಕ್ಷೆಗಳ ಮುಖ್ಯ ಭಾರ ಬೀಳುವುದು ಇದರ ಮೇಲೆ. ಬ್ಯಾಕ್ಟೀರಿಯ, ಬೂಸ್ಟು, ಮೈಕೊಪ್ಲಾಸ್ಮಾಗಳಿಗಾಗಿ ಹುಡುಕುತ್ತಾರೆ. ಮನುಷ್ಯನ, ಕೋತಿಯ, ಇತರ ಕೋಶಗಳ ಮೇಲೆ ಮಾದರಿಯನ್ನು ಹಾಕಿ ಕನಿಷ್ಠ ಎರಡು ವಾರ ಅವು ಕೆಡುತ್ತವೆಯೇ ಎಂದು ನೋಡುತ್ತಾರೆ. ಇಲಿಮರಿಗಳಿಗೂ ಮರಿ ಕಟ್ಟಿದ ಮೊಟ್ಟೆಗಳಿಗೂ ಚುಚ್ಚುತ್ತಾರೆ. ಕೋಶ ಗಡ್ಡೆ ಕಟ್ಟುತ್ತದೆಯೇ ಎಂದು ತಿಳಿಯಲು ರೋಗನಿರೋಧಕ ಶಕ್ತಿ ಕುಂದಿದ ಬೋಳು ಇಲಿಗಳಿಗೆ ತಲಾ 1 ಕೋಟಿ ಕೋಶ ಚುಚ್ಚಿ ಕನಿಷ್ಠ ನಾಲ್ಕು ತಿಂಗಳು ಕಾಯುತ್ತಾರೆ. ಕೋಶ ಯಾವ ಪ್ರಾಣಿಯದು ಎಂಬ ಗುರುತಿನ ಪರೀಕ್ಷೆಯೊಂದನ್ನು ಬಿಟ್ಟರೆ ಉಳಿದವೆಲ್ಲ ಕೇಳುವುದು ಒಂದೇ ಜಾತಿಯ ಪ್ರಶ್ನೆ: ಇರಬಾರದ್ದು ಇಲ್ಲವೇ?

'ಇಲ್ಲ' ಎಂಬ ತಿಳಿವಳಿಕೆ ಎಲ್ಲಿಂದ ಬರುತ್ತದೆ ಎಂಬುದು ಭಾರತೀಯ ದರ್ಶನಗಳ ಹಳೆಯ ಜಗಳ. ನೆಲದ ಮೇಲೆ ಗಡಿಗೆ ಇಲ್ಲ ಎಂದು ತಿಳಿಯುತ್ತದೆ. ಆದರೆ ಇಲ್ಲದ ಗಡಿಗೆಯನ್ನು ಕಣ್ಣು ಕಂಡದ್ದು ಹೇಗೆ? ಕುಮಾರಿಲ ಭಟ್ಟನ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆ ಅನುಪಲಬ್ಧಿ (ಕಾಣದಿರುವಿಕೆ) ಎಂಬ ಬೇರೆಯೇ ಪ್ರಮಾಣವನ್ನು, ಅಂದರೆ ತಿಳಿಯುವ ದಾರಿಯನ್ನು, ಒಪ್ಪಿದರು. ನೈಯಾಯಿಕರು ಪ್ರತ್ಯಕ್ಷವೇ ಸಾಕೆಂದರು. ಉಡುಪಿಯ ಮಧ್ವರ ಮತದಲ್ಲೂ ಅದು ಪ್ರತ್ಯೇಕ ಪ್ರಮಾಣವಲ್ಲ. ಲಸಿಕೆಯ ವಿಷಯಕ್ಕೆ ಈ ಎಣಿಕೆಯ ಜಗಳಕ್ಕಿಂತ ಅದರೊಳಗಿನ ಒಂದು ಷರತ್ತು ಮುಖ್ಯ. ಬರಿದೇ ಕಾಣದಿದ್ದರೆ ಸಾಲದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಇದೇ ಯೋಗ್ಯಾನುಪಲಬ್ಧಿ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಏನೂ ಸಿದ್ಧವಾಗದು. ಬೌದ್ಧ ತಾರ್ಕಿಕರು ಪಿಶಾಚಿಯ ಉದಾಹರಣೆ ಕೊಟ್ಟರು: ಸ್ವಭಾವದಿಂದಲೇ ಕಾಣದಂಥದ್ದು ಕಾಣಲಿಲ್ಲವೆಂದು ಅದು ಇಲ್ಲವೆನ್ನಲು ಬಾರದು.

ಲಸಿಕೆಯ ಚರಿತ್ರೆಯಲ್ಲಿ ಈ ಪಿಶಾಚಿ ಎರಡು ಸಲವಾದರೂ ಕಾಣಿಸಿಕೊಂಡಿದೆ. 1950ರ ದಶಕದ ಪೋಲಿಯೊ ಲಸಿಕೆ ಬೆಳೆದದ್ದು ರೀಸಸ್ ಕೋತಿಗಳ ಮೂತ್ರಪಿಂಡದ ಕೋಶಗಳಲ್ಲಿ. ಪರೀಕ್ಷಿಸಿದವರಿಗೆ ಕೋಶ ಚೊಕ್ಕಟವಾಗಿಯೇ ಕಂಡಿತು. 1960ರಲ್ಲಿ ಬೆನ್ ಸ್ವೀಟ್ ಮತ್ತು ಮಾರಿಸ್ ಹಿಲ್ಲೆಮನ್ ಅದೇ ದ್ರವವನ್ನು ಆಫ್ರಿಕದ ಹಸಿರು ಕೋತಿಯ ಕೋಶಗಳ ಮೇಲೆ ಹಾಕಿದಾಗ ಅವುಗಳ ತುಂಬ ಪೊಳ್ಳು ಗುಳ್ಳೆಗಳು ಎದ್ದವು. ಎಸ್‌ವಿ40 ವೈರಸ್ ಪತ್ತೆಯಾದದ್ದು ಹೀಗೆ. ರೀಸಸ್ ಕೋಶದಲ್ಲಿ ಅದು ಸದ್ದಿಲ್ಲದೆ ಬದುಕಿತ್ತು, ಪೋಲಿಯೊ ವೈರಸ್ ಕೊಲ್ಲಲು ಹಾಕುತ್ತಿದ್ದ ಫಾರ್ಮಲಿನ್‌ಗೂ ಪೂರ್ತಿ ಸತ್ತಿರಲಿಲ್ಲ. ಅಮೆರಿಕದಲ್ಲಿ 1955ರಿಂದ 1963ರವರೆಗೆ ಕೋಟ್ಯಂತರ ಜನರಿಗೆ ಅದು ಲಸಿಕೆಯೊಂದಿಗೆ ಸೇರಿತು. ಅದರಿಂದ ಕ್ಯಾನ್ಸರ್ ಬಂದಿತೇ? ಬಂದಿತು ಎನ್ನಲೂ ಬರಲಿಲ್ಲ ಎನ್ನಲೂ ಸಾಕ್ಷ್ಯ ಸಾಲದು ಎಂದು ಆ ದೇಶದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2002ರಲ್ಲಿ ಹೇಳಿತು. ಎರಡನೆಯದು 2010ರದು. ವೀರೋ ಕೋಶಗಳಲ್ಲಿ ತಯಾರಾಗುವ ರೋಟಾರಿಕ್ಸ್ ಲಸಿಕೆಯನ್ನು ಆಗಿನ ಹೊಸ ಅನುಕ್ರಮಣ (ಸೀಕ್ವೆನ್ಸಿಂಗ್) ತಂತ್ರದಿಂದ ಓದಿದಾಗ ಹಂದಿಯ ಸರ್ಕೋವೈರಸ್ ಸಿಕ್ಕಿತು. ಮೊದಲಿನ ಯಾವ ಪರೀಕ್ಷೆಯೂ ಅದನ್ನು ಹಿಡಿದಿರಲಿಲ್ಲ. ಮನುಷ್ಯನಿಗೆ ಅದರಿಂದ ರೋಗ ಬಂದದ್ದು ಗೊತ್ತಿಲ್ಲವಾದ್ದರಿಂದ ಅಮೆರಿಕ ಮಾರ್ಚ್‌ನಲ್ಲಿ ತಡೆಹಿಡಿದ ಲಸಿಕೆಯನ್ನು ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು.

ಇಂದಿನ ಪರೀಕ್ಷಾ ಕ್ರಮ ಯೋಗ್ಯತೆಯ ಷರತ್ತನ್ನು ತನ್ನದೇ ರೀತಿಯಲ್ಲಿ ಪಾಲಿಸುತ್ತದೆ. ಗಡ್ಡೆಯ ಪರೀಕ್ಷೆಯಲ್ಲಿ ಬೇರೆ ಕೆಲವು ಇಲಿಗಳಿಗೆ, ಗಡ್ಡೆ ಕಟ್ಟುವುದು ಖಚಿತವಿರುವ ಹೇಲಾ ಕೋಶಗಳನ್ನು ಚುಚ್ಚುತ್ತಾರೆ. ಅವುಗಳಲ್ಲಿ ಗಡ್ಡೆ ಏಳದಿದ್ದರೆ ಪರೀಕ್ಷೆಯೇ ಅಸಿಂಧು. ನೋಡುವ ಕಣ್ಣೇ ಕುರುಡಾಗಿತ್ತು ಎಂದರ್ಥ. ಲೆಕ್ಕಾಚಾರದ ಮಿತಿಯನ್ನೂ ಮರೆಯುವಂತಿಲ್ಲ. ಲೀಟರಿಗೆ 10 ವೈರಸ್ ಕಣಗಳಿರುವ ದ್ರವದಿಂದ 1 ಮಿಲಿಲೀಟರ್ ತೆಗೆದರೆ ಅದರಲ್ಲಿ ಒಂದೂ ಸಿಗದಿರುವ ಸಾಧ್ಯತೆ ನೂರಕ್ಕೆ 99. ಲೀಟರಿಗೆ 1000 ಕಣಗಳಿದ್ದರೂ ನೂರಕ್ಕೆ 37. ಹೀಗಾಗಿ ಪರೀಕ್ಷೆಯೊಂದನ್ನೇ ನಂಬಿ ಯಾರೂ ಕೂರುವುದಿಲ್ಲ. ಕೋಶ ಎಷ್ಟು ತಲೆಮಾರು ಬೆಳೆಯಬಹುದು ಎಂಬುದಕ್ಕೆ ಮಿತಿ ಇದೆ, ಏಕೆಂದರೆ ವೀರೋ ಬಹಳ ತಲೆಮಾರು ಕಳೆದರೆ ಗಡ್ಡೆ ಕಟ್ಟುವ ಗುಣ ಪಡೆಯಬಲ್ಲದು. ವೈರಸ್ ಕೊಲ್ಲುವ, ಸೋಸುವ, ತೊಳೆಯುವ ಹಂತಗಳಿವೆ. ಚುಚ್ಚುಮದ್ದಿನ ಒಂದು ಡೋಸ್‌ನಲ್ಲಿ ಇಂಥ ಕೋಶದ ಡಿಎನ್‌ಎ 10 ನ್ಯಾನೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೊನ್ನೆ ಎಂದು ಹೇಳುವುದಿಲ್ಲ, ಇದು ಗಮನಿಸಬೇಕಾದ ಮಾತು.

ಧರ್ಮ ಕೇಳುವುದು ಬೇರೆ ಪ್ರಶ್ನೆ: ಏನಿದೆ ಎಂದಲ್ಲ, ಎಲ್ಲಿಂದ ಬಂತು ಎಂದು. 2021ರ ಜೂನ್‌ನಲ್ಲಿ ಕೋವ್ಯಾಕ್ಸಿನ್‌ನಲ್ಲಿ ಎಳೆಗರುವಿನ ಸೀರಮ್ ಇದೆ ಎಂಬ ಗುಲ್ಲೆದ್ದಾಗ ಈ ಎರಡೂ ಕಲಸಿಹೋದವು. ಸೀರಮ್ ಬಳಸುವುದು ವೀರೋ ಕೋಶ ಬೆಳೆಸಲು ಮಾತ್ರ, ಆಮೇಲೆ ಅದನ್ನು ಪದೇ ಪದೇ ತೊಳೆಯಲಾಗುತ್ತದೆ, ಸಿದ್ಧ ಲಸಿಕೆಯಲ್ಲಿ ಅದು ಇಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಜೂನ್ 16ರಂದು ಸ್ಪಷ್ಟಪಡಿಸಿತು. ಉತ್ತರ ಸರಿಯಾಗಿತ್ತು, ಆದರೆ ಕರುವಿನ ಬಗ್ಗೆ ಕೇಳಿದವನಿಗೆ ಸೀಸೆಯ ಬಗ್ಗೆ ಉತ್ತರ ಸಿಕ್ಕಿತ್ತು.

ಮೂಲದ ಪ್ರಶ್ನೆಗೆ ಸಂಪ್ರದಾಯಗಳು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. 1995ರಲ್ಲಿ ಕುವೈತ್‌ನಲ್ಲಿ ಸೇರಿದ ಇಸ್ಲಾಮಿ ವಿದ್ವಾಂಸರು, ನಿಷಿದ್ಧ ವಸ್ತು ಬೇರೊಂದಾಗಿ ಮಾರ್ಪಟ್ಟರೆ ನಿಷೇಧ ಉಳಿಯದೆಂದರು. 2018ರಲ್ಲಿ ಇಂಡೊನೇಷ್ಯದ ಉಲೇಮಾ ಮಂಡಳಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ದಡಾರ-ರುಬೆಲ್ಲಾ ಲಸಿಕೆಯನ್ನು ನಿಷಿದ್ಧವೆಂದೇ ಕರೆದು, ಬೇರೆ ದಾರಿಯಿಲ್ಲವೆಂದು ಬಳಕೆಗೆ ಒಪ್ಪಿತು. ವ್ಯಾಟಿಕನ್ 2020ರ ಡಿಸೆಂಬರ್ 21ರ ಟಿಪ್ಪಣಿಯಲ್ಲಿ, ದಶಕಗಳ ಹಿಂದೆ ಗರ್ಭಪಾತವಾದ ಭ್ರೂಣಗಳ ಕೋಶದಿಂದಾದ ಲಸಿಕೆ ಪಡೆಯುವವನಿಗೆ ಆ ಕೃತ್ಯದೊಂದಿಗಿರುವ ನಂಟು ಬಹು ದೂರದ್ದೆಂದು ಅನುಮತಿಸಿತು, ಬೇರೆ ಲಸಿಕೆಗಾಗಿ ಒತ್ತಾಯಿಸುವುದನ್ನೂ ಬಿಡಲಿಲ್ಲ. ಜೈನ ಗೃಹಸ್ಥಧರ್ಮ ತೂಗುವುದು ಸಂಕಲ್ಪವನ್ನು: ಬೇಕೆಂದು ಮಾಡಿದ ಹಿಂಸೆ ಬೇರೆ, ಬದುಕಿನ ಕೆಲಸದಲ್ಲಿ ತಪ್ಪಿಸಲಾಗದೆ ಆದ ಹಿಂಸೆ ಬೇರೆ. ಇವುಗಳಲ್ಲಿ ಕುವೈತ್‌ನ ವಾದವೊಂದೇ ಸೀಸೆಯೊಳಗೆ ಏನಿದೆ ಎಂಬುದಕ್ಕೆ ಹತ್ತಿರ ಬರುತ್ತದೆ. ಉಳಿದವು ಪ್ರಯೋಗಾಲಯದ ವರದಿಗೆ ಕಾಯುವುದೇ ಇಲ್ಲ.

2022ರ ಹೊತ್ತಿಗೆ ಭಾರತದಲ್ಲಿ ಕನಿಷ್ಠ ಮೂರು ಮೂಲಗಳ ಕೋವಿಡ್ ಲಸಿಕೆಗಳಿದ್ದವು: ಕೋತಿಯ ಕೋಶದಿಂದ ಕೋವ್ಯಾಕ್ಸಿನ್, 1973ರಲ್ಲಿ ಲೈಡನ್‌ನಲ್ಲಿ ಮಾನವ ಭ್ರೂಣದ ಮೂತ್ರಪಿಂಡದಿಂದ ರೂಪುಗೊಂಡ ಎಚ್‌ಇಕೆ-293 ಕೋಶಗಳಿಂದ ಕೋವಿಶೀಲ್ಡ್, ಯೀಸ್ಟ್‌ನಿಂದ ಬಯಲಾಜಿಕಲ್ ಇ ಕಂಪನಿಯ ಕೋರ್ಬೆವ್ಯಾಕ್ಸ್. ಮೂಲವನ್ನು ಲೆಕ್ಕಿಸುವವರಿಗೆ ಇದು ನಿಜವಾದ ಆಯ್ಕೆಯಾಗಬಹುದಿತ್ತು. ಆದರೆ ಹೆಚ್ಚಿನವರು ಆ ದಿನ ಕೇಂದ್ರದಲ್ಲಿ ಯಾವುದಿತ್ತೋ ಅದನ್ನೇ ಹಾಕಿಸಿಕೊಂಡರು.