ತಿದ್ದುವ ಕೈ

ಮಗುವು ತಪ್ಪುವದನ್ನು ಕಂಡ ಕೂಡಲೇ ನಾವು ಕೈಹಾಕಿ ತಿದ್ದಿ, ಅದನ್ನೇ ಪ್ರೀತಿಯೆಂದು ಎಣಿಸುತ್ತೇವೆ. ಅದು ನಿಜವಾಗಿ ಪ್ರೀತಿಯೋ?

1907ನೆಯ ಇಸವಿಯ ಜನವರಿಯಲ್ಲಿ ಮರಿಯಾ ಮಾಂಟೆಸ್ಸೊರಿ ಅಮ್ಮನವರು ರೋಮಾಪುರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯೊಂದನ್ನು ತೆರೆದರು. ಮೂರು ವರುಷದವರೂ ಆರು ವರುಷದವರೂ ಅಲ್ಲಿ ಒಟ್ಟಿಗೆ ಇದ್ದರು. ಅವರ ಕಲಿಕೆಯ ಸಾಮಾನುಗಳಲ್ಲಿ ಒಂದು ಮರದ ದಿಮ್ಮಿಯುಂಟು. ಅದರ 10 ಕುಳಿಗಳಿಗೆ ಬೇರೆ ಬೇರೆ ಅಳತೆಯ 10 ಉರುಟು ಗೂಟಗಳು. ಸಣ್ಣದನ್ನು ದೊಡ್ಡ ಕುಳಿಯಲ್ಲಿಟ್ಟರೆ ಕಡೆಯ ಗೂಟಕ್ಕೆ ತಕ್ಕ ಕುಳಿ ಉಳಿಯದು. ಬೈಯುವವರು ಬೇಡ, ಮರವೇ ಹೇಳುವದು. ಮೂರು ವರುಷದ ಒಬ್ಬ ಹುಡುಗಿಯನ್ನು ಕುರ್ಚಿಯೊಡನೆ ಎತ್ತಿ ಮೇಜಿನ ಮೇಲಿಟ್ಟರೂ, ಅವಳು ದಿಮ್ಮಿಯನ್ನು ತೊಡೆಯ ಮೇಲಿಟ್ಟುಕೊಂಡು 40ಕ್ಕಿಂತ ಹೆಚ್ಚು ಸಾರಿ ಅದೇ ಕೆಲಸವನ್ನು ಮಾಡಿದಳು. ಬಳಿಕ ನಿದ್ದೆಯಿಂದೆದ್ದವಳಂತೆ ಸಂತೋಷದಿಂದ ಸುತ್ತಲೂ ನೋಡಿದಳು. ನಡುವೆ ಯಾರಾದರೂ ತಿದ್ದಿದ್ದರೆ ಅವಳದೇ ಆದ ಒಂದು ವಸ್ತುವನ್ನು ಕಸುಕೊಂಡ ಹಾಗಾಗುತ್ತಿತ್ತಲ್ಲವೇ?

ಹಾಗಾದರೆ ಹಿರಿಯರು ಎಲ್ಲದಕ್ಕೂ ಸುಮ್ಮನಿರಬೇಕೋ? ಇಲ್ಲ. ಚಿಕ್ಕವನನ್ನು ಹೊಡೆಯುವ ಕೈಯನ್ನು ಮರವು ತಡೆಯಲಾರದು. ಅಂಥಾದ್ದನ್ನು ಆ ಅಮ್ಮನವರೂ ತಡೆಯಬೇಕೆಂದರು. ಆದರೆ ಅಂಗಿಯ ಗುಂಡಿಯೊಡನೆ ಹೆಣಗುವ ಮಗುವಿನ ಬಳಿ ಕೈಕಟ್ಟಿ ಕಾಯುವದು, ಹೊಲಕ್ಕೆ ಹೊರಟ ತಾಯಿಗೆ (ನನಗೂ ಸಹ) ಬಹು ಕಷ್ಟ. ಇಂಥಾ ಶಾಲೆಗಳ ದೊಡ್ಡ ಮಕ್ಕಳಾದರೋ ಚಿಕ್ಕವರ ಪ್ರಯತ್ನವನ್ನು ಕೆಡಿಸದೆ, ನಿಜವಾಗಿ ಬೇಕಾದಾಗ ಮಾತ್ರ ಸಹಾಯಕ್ಕೆ ಹೋಗುತ್ತಾರೆಂದು ಅವರು ಬರೆದಿದ್ದಾರೆ.