ಅರ್ಧ ಬೆಲೆಯ ಸೀರೆ

ಮಗಳ ಮದುವೆಗೆಂದು ಮೈಸೂರು ರೇಷ್ಮೆ ಸೀರೆಯನ್ನು ಅಂತರಜಾಲದ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ಕಂಡು ಹಣ ಕಟ್ಟಿದೆ. ಸೀರೆ ಬರಲಿಲ್ಲ. “ವಿಳಾಸದ ಪಕ್ಕ ಬೀಗದ ಗುರುತಿತ್ತಲ್ಲ!” ಎಂದೆ. ಬೀಗ ಕಾಯುವುದು ದಾರಿಯನ್ನು, ವ್ಯಾಪಾರಿಯ ಮನಸ್ಸನ್ನಲ್ಲ. ವಿಳಾಸವನ್ನು ಬಿಡಿಬಿಡಿಯಾಗಿ ಓದಿದ್ದರೆ, ಪ್ರಸಿದ್ಧ ಮಳಿಗೆಯ ಹೆಸರಿಗೆ ಒಂದಕ್ಷರ ಹೆಚ್ಚಾಗಿ ಸೇರಿದ್ದುದು ಕಾಣುತ್ತಿತ್ತು. ಓದಲಿಲ್ಲವೇಕೆ? ಆ ಬೆಲೆಗೆ ನೇಕಾರನ ಅಸಲೂ ಹುಟ್ಟದೆಂದು ಬಲ್ಲೆ. ಆಸೆ ಕಣ್ಣು ಕಟ್ಟಿತು.

ಹಾಗಾದರೆ ತಪ್ಪು ನನ್ನದೇ? ಅಲ್ಲ, ಆಸೆ ದೌರ್ಬಲ್ಯ, ವಂಚನೆ ಅಪರಾಧ. ಆದರೆ ನಾಚಿಕೊಂಡು ಮೂರು ದಿನ ಬಾಯಿ ಬಿಡದೆ ಇದ್ದೆನಲ್ಲ, ಅದು ಮಾತ್ರ ನನ್ನದೇ ತಪ್ಪು. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿದ್ದರೆ ಹಣವನ್ನು ತಡೆಹಿಡಿಯುವ ಅವಕಾಶವಾದರೂ ಇತ್ತು. ನನ್ನ ಮಾನ ಕಾಯ್ದುಕೊಂಡ ಆ ಮೂರು ದಿನಗಳಲ್ಲಿ ಇನ್ನೆಷ್ಟು ಮಂದಿ ಅದೇ ಅಂಗಡಿಯ ಮೆಟ್ಟಿಲು ಹತ್ತಿದರೋ!