ಸೇಡು ಕಂಡವರಾರು?

ನವಲಗುಂದದ ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ನಡೆದವನ ಹೆಜ್ಜೆ ಬಹಳ ದಿನ ಉಳಿಯುತ್ತದೆ. ಮಣ್ಣು ಒಣಗಿ ಬಿರಿಯುವವರೆಗೂ ಯಾರು ಎತ್ತ ಹೋದರೆಂದು ಹೇಳಬಹುದು. ಯಾವ ಮನಸ್ಸಿನಿಂದ ಹೋದರೆಂಬುದನ್ನು ಹೆಜ್ಜೆ ಹೇಳಲಾರದು. ಇಷ್ಟು ಸಾಮಾನ್ಯವಾದ ಸಂಗತಿ ಒಮ್ಮೆ ನನಗೆ ಮರೆತುಹೋಗಿತ್ತು.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನಾವು ಮೂವರು ಒಂದೇ ಓಣಿಯಲ್ಲಿ ಬೆಳೆದವರು. ಹೋಳಿಹುಣ್ಣಿಮೆಗೆ ರಾಮಲಿಂಗ ಕಾಮಣ್ಣನ ಮುಂದೆ ಕೂಡಿಯೇ ಹಲಗೆ ಬಾರಿಸಿದವರು. ನಮ್ಮಲ್ಲೊಬ್ಬ ಒಂದು ಸಂಜೆ ಬೆಣ್ಣಿಹಳ್ಳದ ಕಡೆಯ ಹೊಲಕ್ಕೆ ಹೋದವನು ಮರಳಿ ಬರಲಿಲ್ಲ. ಅವನಿಗೂ ಇನ್ನೊಬ್ಬನಿಗೂ ಬದುವಿನ ವ್ಯಾಜ್ಯ ನಡೆದಿತ್ತು. ಊರಿಗೆ ಅಷ್ಟು ಸಾಕಾಯಿತು. ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನೂ ಕೇಳಿದರು. ಅವರಿಬ್ಬರೂ ಬದುವಿನ ಮೇಲೆ ಬಡಿದಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದನ್ನು ಹೇಳಿದೆ, ಹೇಳಲೇಬೇಕಾಗಿತ್ತು. ಆದರೆ ಅಲ್ಲಿಗೆ ನಿಲ್ಲಲಿಲ್ಲ. “ಅಂವನ ಮನಸಿನ್ಯಾಗ ಸೇಡು ಇತ್ತರೀ” ಎಂದೂ ಸೇರಿಸಿದೆ. ಜಗಳ ಕಂಡಿದ್ದೆ ನಿಜ. ಸೇಡನ್ನು ಎಲ್ಲಿ ಕಂಡಿದ್ದೆ?

ಆ ದಿನ ಕಟ್ಟೆಯ ಮೇಲೆ ಕೂತವರಿಗೆಲ್ಲ ಕಾಣೆಯಾದವನ ತಾಯಿ ಅಂದದ್ದು ಇನ್ನೂ ನೆನಪಿದೆ: “ಎಪ್ಪಾ, ನನ್ನ ಮಗ ಎಲ್ಲಿ ಅದಾನ ಅಂತ ಕೇಳ್ರಿ. ಯಾರು ಕೊಂದ್ರು ಅಂತ ಈಗಽ ಯಾಕ ಕೇಳತೀರಿ?”

ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಊರಿನಲ್ಲಿ 1660ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಮುದುಕ ಬಾಡಿಗೆ ವಸೂಲಿಗೆ ಹೋದವನು ಕಾಣೆಯಾದ. ಅವನ ಆಳುಮಗ, ಅವನ ತಾಯಿ, ಅವನ ಅಣ್ಣತಮ್ಮ, ಮೂವರನ್ನೂ 1661ರಲ್ಲಿ ಗಲ್ಲಿಗೇರಿಸಿದರು. ಮರುವರ್ಷ ಹ್ಯಾರಿಸನ್ ಮನೆಗೆ ಬಂದ! ಅದು ಹಳೆಯ ಕಾಲವೆನ್ನೋಣವೇ? ನಮ್ಮ ಕೊಡಗಿನಲ್ಲಿ ಹೆಂಡತಿ ಕಾಣೆಯಾದಳೆಂದು ತಾನೇ ದೂರು ಕೊಟ್ಟ ಕೂಲಿಕಾರನೊಬ್ಬ, ಬೇರೆಡೆ ಸಿಕ್ಕ ಎಲುಬುಗಳ ಆಧಾರದ ಮೇಲೆ ಕೊಲೆಗಾರನೆಂದು ಸೆರೆಮನೆ ಸೇರಿದ. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಕಾಣಿಸಿದಳು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಿತು.

ಹಾಗಾದರೆ ಸಂಶಯವೇ ಪಾಪವೇ? ಹಾಗೂ ಅನ್ನಲಾರೆ. ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕೆರೆ ಖಲೀಲಿ 1991ರಲ್ಲಿ ಬೆಂಗಳೂರಿನಲ್ಲಿ ಕಾಣೆಯಾದಾಗ, ಗಂಡ ಹೇಳಿದ ಸಬೂಬುಗಳನ್ನು ನಂಬದೆ ಮಗಳು ಕೇಳುತ್ತಲೇ ಹೋದಳು. 1994ರಲ್ಲಿ ಆಕೆಯ ದೇಹ ಸ್ವಂತ ಮನೆಯಂಗಳದ ನೆಲದಡಿ ಸಿಕ್ಕಿತು. ಗಂಡನೇ ಅಪರಾಧಿಯೆಂದು ತೀರ್ಪಾಯಿತು. ಮಗಳು ಸುಮ್ಮನಿದ್ದಿದ್ದರೆ ಸತ್ತವಳಿಗೆ ನ್ಯಾಯವಿರಲಿಲ್ಲ. ಆದರೆ ಆ ಸಂಶಯ ಪ್ರಶ್ನೆಯಾಗಿತ್ತು, ಉತ್ತರ ಸಿಗುವವರೆಗೂ ಪ್ರಶ್ನೆಯಾಗಿಯೇ ಉಳಿಯಿತು. ನನ್ನದು ಮೊದಲ ದಿನವೇ ಉತ್ತರವಾಗಿಬಿಟ್ಟಿತ್ತು.

ಕಾನೂನು ಈ ವಿಷಯದಲ್ಲಿ ನಮಗಿಂತ ತಾಳ್ಮೆಯುಳ್ಳದ್ದು. ಸುದ್ದಿ ತಿಳಿಯಬೇಕಾಗಿದ್ದವರಿಗೇ ಏಳು ವರ್ಷ ಒಬ್ಬನ ಸುದ್ದಿಯಿಲ್ಲದಿದ್ದರೆ, ಅವನು ಬದುಕಿದ್ದಾನೆಂದು ಸಾಧಿಸುವ ಭಾರ ಹಾಗೆ ಹೇಳುವವನ ಮೇಲೆ ಬೀಳುತ್ತದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2024ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಸತ್ತಿರಬೇಕೆಂದು ಊಹಿಸಲು ಏಳು ವರ್ಷ ಕಾಯುವ ಈ ನಿಯಮ, ಕೊಂದವರು ಯಾರೆಂದು ಊಹಿಸುವುದಿಲ್ಲ. ‘ಮಾಡಿರಬಹುದು’ ಎಂಬುದಕ್ಕೂ ‘ಮಾಡಿರಲೇಬೇಕು’ ಎಂಬುದಕ್ಕೂ ಬಹಳ ದೂರವಿದೆಯೆಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ನಾವು ಆ ದೂರವನ್ನು ಒಂದು ಕಪ್ಪು ಚಹಾ ಮುಗಿಯುವುದರೊಳಗೆ ದಾಟಿದೆವು.

ಹೋದವನು ಇಂದಿಗೂ ಬಂದಿಲ್ಲ. ಇನ್ನೊಬ್ಬನ ಮೇಲೆ ಯಾವ ಪುರಾವೆಯೂ ಸಿಗಲಿಲ್ಲ. ಆದರೂ ಊರ ಕಣ್ಣು ತಾಳಲಾರದೆ ಹೊಲವನ್ನು ಲಾವಣಿಗೆ ಕೊಟ್ಟು ಹುಬ್ಬಳ್ಳಿ ಸೇರಿದ. ಹೋದ ವರ್ಷ ಅವನಲ್ಲಿಗೆ ಹೋಗಿ, ಆ ಮಾತು ಆಡಿದವನು ನಾನೇ ಎಂದೆ. “ನನಗ ಗೊತ್ತಿತ್ತಲೇ” ಎಂದ, ಮತ್ತೇನೂ ಅನ್ನಲಿಲ್ಲ.

ಅವನು ನಿರಪರಾಧಿಯೆಂದು ನಾನು ಇಂದೂ ಆಣೆ ಮಾಡಿ ಹೇಳಲಾರೆ. ಅಪರಾಧಿಯೆಂದೂ ಹೇಳಲಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವಷ್ಟು ಋಣ ಆ ಗೆಳೆತನಕ್ಕೆ ಅಂದೇ ಸಲ್ಲಬೇಕಾಗಿತ್ತು.